ಸ್ಪೀಡ್ ಒಬ್ಬನದು, ಬಿಲ್ಲು ಇಡೀ ಮನೆಗೆ

ಕಲಬುರಗಿಯ ಖಾಜಾ ಬಂದಾನವಾಜ್ ದರ್ಗಾ ಝಿಯಾರತ್‌ಗೆಂದು ನಮ್ಮ ಕರಾವಳಿಯಿಂದ ಕಾರು ಕಟ್ಟಿಕೊಂಡು ಹೊರಡುವ ಕುಟುಂಬಗಳು ಬಹಳ. ಸುಬಹಿಗೆ ಮೊದಲೇ ಮಂಗಳೂರು ಬಿಟ್ಟು, ಅಂಕೋಲಾದಲ್ಲಿ ತಿರುಗಿ, ಅರಬೈಲ್ ಘಟ್ಟ ಹತ್ತಿ, ಹುಬ್ಬಳ್ಳಿ ದಾಟಿ ವಿಜಯಪುರ ಮುಟ್ಟುವಷ್ಟರಲ್ಲಿ ಹಿಂದಿನ ಸೀಟಿನ ಮಕ್ಕಳಿಗೆ ಎರಡು ನಿದ್ದೆ ಮುಗಿದಿರುತ್ತದೆ. ಅಲ್ಲಿಂದ ಕಲಬುರಗಿಗೆ ಹೋಗುವ ಹೆದ್ದಾರಿಯಲ್ಲಿ ಸಿಂದಗಿ ತಾಲೂಕಿನ ಕನ್ನೊಳ್ಳಿ ಸಿಗುತ್ತದೆ. ಅಲ್ಲೊಂದು ಟೋಲ್ ಉಂಟು.

ಘಟ್ಟದಲ್ಲಿ ಜಾಗ್ರತೆಯಿಂದ ಬಂದ ನಮ್ಮ ಹುಡುಗರಿಗೆ ಈ ಬಯಲು ಕಂಡ ಕೂಡಲೇ ಏನೋ ಆಗುತ್ತದೆ. ತಿರುವಿಲ್ಲ, ತೆಂಗು ಅಡಿಕೆ ತೋಟದ ಮರೆಯಿಲ್ಲ. ಎರಡೂ ಬದಿ ಜೋಳ, ತೊಗರಿಯ ಕಪ್ಪು ಹೊಲ. ಕಣ್ಣು ಹೋದಷ್ಟು ದೂರ ನೇರ ರಸ್ತೆ. ಕಾಲು ತನ್ನಷ್ಟಕ್ಕೇ ಆಕ್ಸಿಲರೇಟರ್ ಮೇಲೆ ಭಾರವಾಗುತ್ತದೆ. 80 ಇದ್ದದ್ದು 110 ಆದದ್ದು ಒಳಗೆ ಕುಳಿತವರಿಗೆ ಗೊತ್ತೇ ಆಗುವುದಿಲ್ಲ. ‘ಸ್ವಲ್ಪ ನಿಧಾನ ಮೋನೆ’ ಎಂದು ಉಮ್ಮ ಹಿಂದಿನಿಂದ ಹೇಳಿದರೆ, ‘ರಸ್ತೆ ಖಾಲಿ ಉಂಟಲ್ಲಾ ಉಮ್ಮ’ ಎಂಬ ಉತ್ತರ ತಯಾರಿರುತ್ತದೆ.

ರಸ್ತೆ ಖಾಲಿ ಇರುವುದಿಲ್ಲ. ಹೊಲದಿಂದ ಏಕಾಏಕಿ ರಸ್ತೆಗೆ ಏರುವ ಟ್ರ್ಯಾಕ್ಟರ್, ಹಿಂದೆ ದೀಪವೇ ಇಲ್ಲದ ಕಬ್ಬಿನ ಟ್ರೇಲರ್, ಎತ್ತಿನ ಗಾಡಿ, ಕ್ರಾಸ್‌ನಲ್ಲಿ ಬಸ್ಸಿಗೆ ಕಾಯುವ ಜನ ಎಲ್ಲರೂ ಅಲ್ಲಿಯೇ ಇರುತ್ತಾರೆ. ಇದೇ ಜಿಲ್ಲೆಯ ಮನಗೂಳಿ ಬಳಿ 2025ರ ಮೇ 21ರಂದು ಕಾರು, ಖಾಸಗಿ ಬಸ್ಸು, ಲಾರಿ ಅಪಘಾತದಲ್ಲಿ ಆರು ಮಂದಿ ತೀರಿಕೊಂಡ ಸುದ್ದಿ ಓದುಗರಿಗೆ ನೆನಪಿರಬಹುದು. ಟೋಲ್ ಸಮೀಪ ಚಹಾಕ್ಕೆ ಇಳಿದರೆ ಅಲ್ಲಿನ ಜನ ಪ್ರೀತಿಯಿಂದ ಹೇಳುವ ಮಾತು ಒಂದೇ: ‘ಸಾವಕಾಶ ಹೋಗ್ರಿ ಸಾಹೇಬ್ರ.’

ಸ್ಪೀಡಿನಿಂದ ಜೀವಕ್ಕೆ ಅಪಾಯ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಈ ವಾರ ನಾವು ಬರೆಯಹೊರಟದ್ದು ಅದರ ನಂತರದ ಸಂಗತಿ. ಅಪಘಾತ ಆಗಿಹೋದ ಮೇಲೆ ಯಾರ ಮೇಲೆ ಕೇಸು, ಯಾರಿಗೆ ಪರಿಹಾರ, ಯಾರ ಮನೆಗೆ ಏನೂ ಇಲ್ಲ ಎಂಬುದನ್ನು ಆ ಸ್ಪೀಡೇ ಹೇಗೆ ತೀರ್ಮಾನಿಸುತ್ತದೆ ಎಂಬುದು.

ಅರಸೀಕೆರೆಯ ಆ ಕೇಸು

2025ರ ಜುಲೈಯಲ್ಲಿ ನಮ್ಮೆಲ್ಲರ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಸುದ್ದಿ ಓಡಾಡಿತು. ‘ಸ್ಪೀಡಾಗಿ ಹೋಗಿ ಸತ್ತರೆ ಇನ್ಶೂರೆನ್ಸ್ ಇಲ್ಲ, ಸುಪ್ರೀಂ ಕೋರ್ಟ್ ಹೇಳಿದೆ’ ಎಂದು. ಸುದ್ದಿ ಅರ್ಧ ನಿಜ. ಉಳಿದರ್ಧ ತಿಳಿಯದೆ ಹಲವರು ಹೆದರಿದರು.

ಕೇಸು ನಮ್ಮ ರಾಜ್ಯದ್ದೇ. 2014ರ ಜೂನ್ 18ರಂದು ಒಬ್ಬರು ಗುತ್ತಿಗೆದಾರರು ತಂದೆ, ಸಹೋದರಿ ಮತ್ತು ಆಕೆಯ ಮಕ್ಕಳನ್ನು ಕೂರಿಸಿಕೊಂಡು ಮಲ್ಲಸಂದ್ರದಿಂದ ಅರಸೀಕೆರೆ ಕಡೆಗೆ ಕಾರು ಓಡಿಸುತ್ತಿದ್ದರು. ಮೈಲನಹಳ್ಳಿ ಗೇಟ್ ಹತ್ತಿರ ನಿಯಂತ್ರಣ ತಪ್ಪಿ ಕಾರು ಮಗುಚಿತು. ಓಡಿಸುತ್ತಿದ್ದವರು ತೀರಿಕೊಂಡರು. ಎದುರಿನಿಂದ ಬಂದು ಗುದ್ದಿದ ವಾಹನ ಯಾವುದೂ ಇರಲಿಲ್ಲ. ಅತಿ ವೇಗ ಮತ್ತು ಅಜಾಗರೂಕತೆಯೇ ಕಾರಣ ಎಂದು ಪೊಲೀಸರು ಚಾರ್ಜ್‌ಶೀಟ್ ಹಾಕಿದರು.

ಪತ್ನಿ, ಮಗ ಮತ್ತು ತಂದೆತಾಯಿ 80 ಲಕ್ಷ ರೂಪಾಯಿ ಪರಿಹಾರ ಕೇಳಿದರು. ಅಪಘಾತ ಪರಿಹಾರ ನ್ಯಾಯಮಂಡಳಿ ಇಲ್ಲ ಎಂದಿತು. 2024ರ ನವೆಂಬರಿನಲ್ಲಿ ಹೈಕೋರ್ಟ್ ಕೂಡ ಇಲ್ಲ ಎಂದಿತು. ತನ್ನದೇ ತಪ್ಪಿನಿಂದ ಅಪಘಾತ ಮಾಡಿಕೊಂಡವನ ವಾರಸುದಾರರಿಗೆ ಆ ಸಾವಿಗೆ ಪರಿಹಾರ ಕೊಟ್ಟರೆ, ತಪ್ಪು ಮಾಡಿದವನಿಗೇ ತಪ್ಪಿನ ಲಾಭ ಕೊಟ್ಟಂತೆ ಎಂಬುದು ಹೈಕೋರ್ಟಿನ ತರ್ಕ. 2025ರ ಜುಲೈ 2ರಂದು ನ್ಯಾಯಮೂರ್ತಿಗಳಾದ ಪಿ.ಎಸ್. ನರಸಿಂಹ ಮತ್ತು ಆರ್. ಮಹದೇವನ್ ಅವರ ಪೀಠ ಆ ತೀರ್ಪಿನಲ್ಲಿ ಕೈಹಾಕಲು ನಿರಾಕರಿಸಿತು. ಹನ್ನೊಂದು ವರ್ಷ ಕೋರ್ಟು ಅಲೆದ ಕುಟುಂಬ ಬರಿಗೈಯಲ್ಲಿ ಮನೆಗೆ ಹೋಯಿತು.

ಇದು ಹೊಸ ಕಾನೂನು ಅಲ್ಲ. ‘ಥರ್ಡ್ ಪಾರ್ಟಿ’ ವಿಮೆಯ ಅರ್ಥವೇ ಅದು. ಕಾರಿನ ಮಾಲೀಕ ಒಂದನೇ ಕಡೆ, ವಿಮಾ ಕಂಪನಿ ಎರಡನೇ ಕಡೆ, ಆ ಕಾರಿನಿಂದ ಹಾನಿಗೆ ಒಳಗಾದ ಹೊರಗಿನವರು ಮೂರನೇ ಕಡೆ. ತಪ್ಪು ಮಾಡಿದವನು ತನಗೆ ತಾನೇ ಮೂರನೆಯವನು ಆಗಲು ಸಾಧ್ಯವಿಲ್ಲ.

ಹಾಗಾದರೆ ಅವನ ಕಾರು ಗುದ್ದಿದ ಪಾದಚಾರಿಗೆ, ಬೈಕಿನವನಿಗೆ? ಅವರ ಹಕ್ಕಿಗೆ ಏನೂ ಕುಂದಿಲ್ಲ. ಡ್ರೈವರ್ ಎಷ್ಟೇ ಸ್ಪೀಡಲ್ಲಿದ್ದರೂ, ವಿಮೆ ಚಾಲ್ತಿಯಲ್ಲಿದ್ದರೆ ಕಂಪನಿ ಅವರಿಗೆ ಕೊಡಲೇಬೇಕು. ‘ನಮ್ಮ ಗಿರಾಕಿ ಸ್ಪೀಡಾಗಿ ಹೋದ, ಆದ್ದರಿಂದ ನಾವು ಕೊಡುವುದಿಲ್ಲ’ ಎಂದು ಹೊರಗಿನವರಿಗೆ ಹೇಳುವಂತಿಲ್ಲ. ಸ್ಪೀಡಿನ ವಿಮೆ ಬೇರೆಯವರ ಮನೆಯನ್ನು ಕಾಯುತ್ತದೆ, ಓಡಿಸಿದವನ ಮನೆಯನ್ನಲ್ಲ. ವಾಟ್ಸಾಪ್ ಸುದ್ದಿಯಲ್ಲಿ ಬಿಟ್ಟುಹೋದ ಅರ್ಧ ಇದು.

ಸಾಲ ತಂದ ಗಾಡಿ

ಮದುವೆಗೆ, ಝಿಯಾರತ್‌ಗೆ, ಏರ್‌ಪೋರ್ಟಿಗೆ ಎಂದು ಕಾರು ಕೇಳಿ ತರುವುದು ನಮ್ಮಲ್ಲಿ ಮಾಮೂಲು. ಕೇಳಿದವರಿಗೆ ಇಲ್ಲ ಎನ್ನಲು ನಾಲಿಗೆ ಬರುವುದಿಲ್ಲ. ಆದರೆ ಕೊಡುವವರೂ ತರುವವರೂ ತಿಳಿದಿರಬೇಕಾದದ್ದು ಉಂಟು.

ಇಳಕಲ್‌ನಿಂದ ಗುಡೂರಿಗೆ ಬೇರೆಯವರ ಬೈಕು ತೆಗೆದುಕೊಂಡು ಹೊರಟ ಯುವಕನೊಬ್ಬ, ಮುಂದೆ ಹೋಗುತ್ತಿದ್ದ ಎತ್ತಿನ ಗಾಡಿಗೆ ಗುದ್ದಿ ತೀರಿಕೊಂಡ. ಇಳಕಲ್ಲೂ ಗುಡೂರೂ ಹಿಂದೆ ವಿಜಯಪುರ ಜಿಲ್ಲೆಯಲ್ಲೇ ಇದ್ದ ಊರುಗಳು. ಆ ಕೇಸಿನಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಮಾಲೀಕನಿಂದ ಗಾಡಿ ಕೇಳಿ ತಂದು ಓಡಿಸುವವನು ಮಾಲೀಕನ ಜಾಗದಲ್ಲೇ ನಿಂತಂತೆ. ಮಾಲೀಕ ತನ್ನದೇ ಗಾಡಿಯ ಮೇಲೆ ಕ್ಲೇಮ್ ಹಾಕಲಾಗದ ಹಾಗೆ, ಅವನ ವಾರಸುದಾರರೂ ಮೋಟಾರು ವಾಹನ ಕಾಯ್ದೆಯ ಆಗಿನ 163-ಎ ಸೆಕ್ಷನ್ ಅಡಿ ಆ ಗಾಡಿಯ ವಿಮೆಯಿಂದ ಪರಿಹಾರ ಕೇಳುವಂತಿಲ್ಲ. ‘ಗಾಡಿ ನನ್ನದಲ್ಲ, ಹಾಗಾಗಿ ನಾನು ಥರ್ಡ್ ಪಾರ್ಟಿ’ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಗಾಡಿ ಕೊಟ್ಟವರ ಕಥೆಯೂ ಕೇಳಿ. ನಿಮ್ಮ ಕಾರಿನಿಂದ ಇನ್ನೊಬ್ಬರಿಗೆ ಹಾನಿಯಾದರೆ ಕೇಸಿನಲ್ಲಿ ಡ್ರೈವರ್ ಜೊತೆ ಆರ್‌ಸಿಯಲ್ಲಿ ಹೆಸರಿರುವ ನೀವೂ ಪ್ರತಿವಾದಿ. ವಿಮೆ ಮುಗಿದಿದ್ದರೆ ಪರಿಹಾರ ನಿಮ್ಮ ಆಸ್ತಿಯಿಂದ ಹೋಗುತ್ತದೆ. ಲೈಸೆನ್ಸ್ ಇಲ್ಲದವನಿಗೆ ಕೊಟ್ಟಿದ್ದರೆ, ಕಂಪನಿ ಗಾಯಾಳುವಿಗೆ ಕೊಟ್ಟು ಆಮೇಲೆ ನಿಮ್ಮಿಂದ ವಸೂಲಿ ಮಾಡಲು ಕೋರ್ಟ್ ಅನುಮತಿ ಕೊಡಬಹುದು. ಇನ್ನು 18 ತುಂಬದ ಮಗನಿಗೆ ಕೀ ಕೊಟ್ಟಿರಾದರೆ ಕಾಯ್ದೆಯ 199-ಎ ಸೆಕ್ಷನ್ ಕಾದಿರುತ್ತದೆ. ತಂದೆಗೆ ಅಥವಾ ಮಾಲೀಕನಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ವರ್ಷದವರೆಗೆ ಲೈಸೆನ್ಸ್ ಇಲ್ಲ. ‘ಮೋನು ಚೆನ್ನಾಗಿ ಓಡಿಸ್ತಾನೆ’ ಎಂಬ ನಮ್ಮ ಹೆಮ್ಮೆ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ ಮಾರಾಯ್ರೆ.

ತಪ್ಪಿಗೆ ಪರ್ಸೆಂಟ್ ಲೆಕ್ಕ

ಸೌದಿಯಲ್ಲಿ ಇದ್ದು ಬಂದವರಿಗೆ ಗೊತ್ತು. ಅಲ್ಲಿ ಗಾಡಿ ಗಾಡಿ ತಾಗಿದರೆ ನಜ್ಮ್‌ನವರು ಬಂದು ಯಾರ ತಪ್ಪು ಎಷ್ಟು ಪರ್ಸೆಂಟ್ ಎಂದು ಬರೆದುಕೊಡುತ್ತಾರೆ. ನಮ್ಮಲ್ಲಿ ಅದನ್ನು ಮಾಡುವುದು ನ್ಯಾಯಮಂಡಳಿ. ಸ್ಥಳದಲ್ಲೇ ಅಲ್ಲ, ವರ್ಷಗಳ ನಂತರ.

ಕೊಯಮತ್ತೂರಿನ ಒಂದು ಕೇಸು ನೋಡಿ. 2017ರ ಜನವರಿಯಲ್ಲಿ ಹೆದ್ದಾರಿಯಲ್ಲಿ ಹೋಗುತ್ತಿದ್ದ ಕಾರಿನ ಚಾಲಕ ಏಕಾಏಕಿ ಬ್ರೇಕ್ ಹಾಕಿದ. ಗರ್ಭಿಣಿ ಹೆಂಡತಿಗೆ ವಾಂತಿ ಬಂದಂತಾಯಿತು ಎಂಬುದು ಅವನ ಸಮಜಾಯಿಷಿ. ಹಿಂದಿದ್ದ ಬೈಕಿನ ವಿದ್ಯಾರ್ಥಿ ಕಾರಿಗೆ ತಾಗಿ ಬಿದ್ದ, ಹಿಂದಿನಿಂದ ಬಂದ ಬಸ್ಸು ಅವನ ಕಾಲ ಮೇಲೆ ಹರಿಯಿತು. ಎಡಗಾಲು ಹೋಯಿತು. 2025ರ ಜುಲೈ 29ರಂದು ಸುಪ್ರೀಂ ಕೋರ್ಟ್ ತಪ್ಪನ್ನು ಹಂಚಿತು: ಕಾರಿನವನದು ಶೇ 50, ಬಸ್ಸಿನವನದು ಶೇ 30, ಹುಡುಗನದು ಶೇ 20. ಮುಂದಿನ ಗಾಡಿಯಿಂದ ಸಾಕಷ್ಟು ಅಂತರ ಬಿಟ್ಟಿರಲಿಲ್ಲ, ಲೈಸೆನ್ಸೂ ಇರಲಿಲ್ಲ ಎಂಬುದು ಹುಡುಗನ ಪಾಲಿನ ತಪ್ಪು. ಒಟ್ಟು ಪರಿಹಾರ ಸುಮಾರು 1.14 ಕೋಟಿ ಎಂದು ಲೆಕ್ಕವಾಯಿತು, ಕೈಗೆ ಸಿಗಬೇಕಾದದ್ದು ಸುಮಾರು 91 ಲಕ್ಷ. ಉಳಿದದ್ದು ಅವನ ಶೇ 20ಕ್ಕೆ ಹೋಯಿತು.

ಸ್ಪೀಡಿನ ಲೆಕ್ಕವೂ ಇದೇ ತಕ್ಕಡಿಯಲ್ಲಿ. ಎದುರಿನ ಲಾರಿಯವನು ರಾಂಗ್ ಸೈಡಲ್ಲಿ ಬಂದದ್ದು ನಿಜವೇ ಇರಲಿ, ಮಿತಿ ಮೀರಿ ಓಡಿಸಿದ್ದರಿಂದ ನಿಮಗೆ ಬ್ರೇಕ್ ಸಿಗಲಿಲ್ಲ ಎಂದು ಕಂಡುಬಂದರೆ ನಿಮ್ಮ ಪಾಲೂ ಬರುತ್ತದೆ. ಕ್ಲೇಮ್ 10 ಲಕ್ಷದ್ದಾಗಿದ್ದು ನಿಮ್ಮ ತಪ್ಪು ಶೇ 30 ಎಂದಾದರೆ ಸಿಗುವುದು 7 ಲಕ್ಷ. ಆದರೆ ಈ ಕಡಿತ ಓಡಿಸಿದವನ ತಪ್ಪಿಗೆ. ಸುಮ್ಮನೆ ಹಿಂದೆ ಕುಳಿತಿದ್ದ ಉಮ್ಮನ, ಮಕ್ಕಳ ಗಾಯದ ಪರಿಹಾರದಲ್ಲಿ ಚಾಲಕನ ತಪ್ಪಿನ ಪಾಲು ಕಡಿಯುವಂತಿಲ್ಲ.

‘ಸ್ಪೀಡ್’ ಎಂದರೆ ಎಷ್ಟು?

ಕ್ರಿಮಿನಲ್ ಕೇಸಿನಲ್ಲಿ ಸ್ವಲ್ಪ ಬೇರೆ ದಾರಿ. 1982ರ ನವೆಂಬರಿನಲ್ಲಿ ನಮ್ಮ ರಾಜ್ಯದಲ್ಲಿ ಹಳ್ಳ ದಾಟುವಾಗ ಲಾರಿಯೊಂದು ಮಗುಚಿ 15 ಮಂದಿ ತೀರಿಕೊಂಡರು. ಕೆಳ ಕೋರ್ಟು ಚಾಲಕನಿಗೆ ಶಿಕ್ಷೆ ಕೊಟ್ಟಿತು, ಹೈಕೋರ್ಟ್ ಬಿಡುಗಡೆ ಮಾಡಿತು. 1998ರಲ್ಲಿ ಸುಪ್ರೀಂ ಕೋರ್ಟ್ ಬಿಡುಗಡೆಯನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ‘ಹೈ ಸ್ಪೀಡ್’ ಎಂದಷ್ಟೇ ಹೇಳಿದ್ದರು. ಎಷ್ಟು ಸ್ಪೀಡ್, ಆ ರಸ್ತೆಗೆ, ಆ ಹೊತ್ತಿಗೆ ಅದು ಹೇಗೆ ಅಜಾಗರೂಕತೆ ಎಂದು ಯಾರೂ ತೋರಿಸಲಿಲ್ಲ. ಸ್ಪೀಡ್ ಎಂಬುದು ಒಬ್ಬೊಬ್ಬರಿಗೆ ಒಂದೊಂದು, ಅದೊಂದರಿಂದಲೇ ಅಪರಾಧ ಸಾಬೀತಾಗದು ಎಂದಿತು ಕೋರ್ಟ್.

ಹಾಗೆಂದು ಇದನ್ನು ಬಚಾವಾಗುವ ದಾರಿ ಎಂದುಕೊಳ್ಳಬೇಡಿ. ಆಗ ಕ್ಯಾಮೆರಾ ಇರಲಿಲ್ಲ. ಈಗ ಹೆದ್ದಾರಿ ಕ್ಯಾಮೆರಾ, ಟೋಲ್‌ನ ಸಿಸಿಟಿವಿ, ಟೈರು ಎಳೆದ ಗುರುತು, ಸ್ಥಳದ ಮಹಜರು ಮತ್ತು ನಕ್ಷೆ, ಮೋಟಾರು ವಾಹನ ಇನ್‌ಸ್ಪೆಕ್ಟರ್ ವರದಿ ಎಲ್ಲವೂ ಸೇರಿ ಸಾಕ್ಷಿ ಹೇಳುತ್ತವೆ. ಪರಿಹಾರದ ಕೇಸಿನಲ್ಲಂತೂ ಕ್ರಿಮಿನಲ್ ಕೇಸಿನಷ್ಟು ಗಟ್ಟಿ ಪುರಾವೆಯೂ ಬೇಕಿಲ್ಲ. ಯಾವುದು ಹೆಚ್ಚು ಸಂಭವ ಎಂದು ನೋಡುತ್ತಾರೆ.

ಗಣಿತವೂ ಸಾಕ್ಷಿ ಹೇಳುತ್ತದೆ. ಒಣಗಿದ ಡಾಂಬರು ರಸ್ತೆಯಲ್ಲಿ, ಅಡ್ಡ ಬಂದದ್ದನ್ನು ಕಂಡು ಬ್ರೇಕ್ ಮೇಲೆ ಕಾಲಿಡಲು ಒಂದು ಸೆಕೆಂಡ್ ಎಂದು ಹಿಡಿಯಿರಿ. ಗಂಟೆಗೆ 60 ಕಿ.ಮೀ. ವೇಗದ ಕಾರು ನಿಲ್ಲಲು ಹೆಚ್ಚುಕಡಿಮೆ 37 ಮೀಟರ್ ಬೇಕು. 100ರಲ್ಲಿ ಸುಮಾರು 84 ಮೀಟರ್. 120ರಲ್ಲಿ 110 ಮೀಟರ್ ದಾಟುತ್ತದೆ. ರಾತ್ರಿ ಕೆಳಬೆಳಕಿನಲ್ಲಿ ಅಷ್ಟು ದೂರ ಕಣ್ಣಿಗೆ ಕಾಣುವುದೇ ಇಲ್ಲ. ದೀಪವಿಲ್ಲದ ಟ್ರೇಲರ್ ಕಂಡಾಗಲೇ ತಡವಾಗಿರುತ್ತದೆ.

ಜೈಲು, ದಂಡ, ಪಾಸ್‌ಪೋರ್ಟ್

ಮಿತಿ ಮೀರಿದ ವೇಗಕ್ಕೆ ಕಾಯ್ದೆಯ 183ನೇ ಸೆಕ್ಷನ್‌ನಲ್ಲಿ ಕಾರಿಗೆ 1,000ದಿಂದ 2,000, ದೊಡ್ಡ ವಾಹನಕ್ಕೆ 2,000ದಿಂದ 4,000 ರೂಪಾಯಿ ದಂಡ ಎಂದಿದೆ. ಎರಡನೇ ಸಲ ಸಿಕ್ಕಿದರೆ ಲೈಸೆನ್ಸಿಗೇ ಕುತ್ತು. 2024ರ ಆಗಸ್ಟ್ 1ರಿಂದ ನಮ್ಮ ರಾಜ್ಯದಲ್ಲಿ ಗಂಟೆಗೆ 130 ಕಿ.ಮೀ. ಮೀರಿದರೆ ಬರೀ ದಂಡವಲ್ಲ, ಎಫ್‌ಐಆರ್ ಎಂದು ಪೊಲೀಸರು ಪ್ರಕಟಿಸಿದ್ದಾರೆ.

ಸಾವು ಸಂಭವಿಸಿದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್. ಹಳೆಯ ಕಾನೂನಿನಲ್ಲಿ ನಿರ್ಲಕ್ಷ್ಯದ ಸಾವಿಗೆ ಗರಿಷ್ಠ 2 ವರ್ಷ ಇತ್ತು, ಈಗ 5 ವರ್ಷದವರೆಗೆ ಜೈಲು ಮತ್ತು ದಂಡ.

ನಮ್ಮ ಮನೆಗಳಿಗೆ ಇನ್ನೊಂದು ಪೆಟ್ಟು ಉಂಟು. ರಜೆಗೆ ಊರಿಗೆ ಬಂದ ಹುಡುಗ ಇಂಥ ಕೇಸಿನಲ್ಲಿ ಸಿಕ್ಕಿಬಿದ್ದರೆ ಗಲ್ಫಿನ ಕೆಲಸದ ಕಥೆ ಏನು? ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಲು 1967ರ ಪಾಸ್‌ಪೋರ್ಟ್ ಕಾಯ್ದೆಯಲ್ಲಿ ಅವಕಾಶವಿದೆ. ಕೋರ್ಟಿನ ಅನುಮತಿ ತಂದರೆ ದಾರಿ ಉಂಟು, ಆದರೆ ಅದಕ್ಕೂ ವಕೀಲರು, ತಾರೀಕು, ಓಡಾಟ. ಅಷ್ಟರಲ್ಲಿ ವೀಸಾದ ಅವಧಿ ಕಾಯುತ್ತದೆಯೇ? ಹತ್ತು ನಿಮಿಷ ಮೊದಲು ಮುಟ್ಟುವ ಆಸೆಗೆ ಒಂದು ಮನೆಯ ಸಂಪಾದನೆಯೇ ನಿಂತುಹೋಗಬಹುದು.

ಹೊರಡುವ ಮೊದಲು

ಮನೆಯಲ್ಲಿ ಒಬ್ಬರಾದರೂ ಈ ಕಾಗದಗಳನ್ನು ಒಮ್ಮೆ ಬಿಡಿಸಿ ನೋಡಬೇಕು ಎಂದು ನಮ್ಮ ವಿನಂತಿ.

ಮೊದಲು, ಪಾಲಿಸಿ ಯಾವುದು? ಬರೀ ಥರ್ಡ್ ಪಾರ್ಟಿ ಪಾಲಿಸಿಯಾದರೆ ನಿಮ್ಮ ಖಾಸಗಿ ಕಾರಿನೊಳಗೆ ಕುಳಿತ ನಿಮ್ಮವರಿಗೆ ಸಾಮಾನ್ಯವಾಗಿ ರಕ್ಷಣೆ ಇಲ್ಲ. ಪ್ಯಾಕೇಜ್ ಪಾಲಿಸಿಯಾದರೆ ಒಳಗಿನ ಪ್ರಯಾಣಿಕರಿಗೂ ಅನ್ವಯಿಸುತ್ತದೆ ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಏಳು ಜನರನ್ನು ಕೂರಿಸಿಕೊಂಡು ಅಷ್ಟು ದೂರ ಹೋಗುವವರು ಕೆಲವು ಸಾವಿರ ಉಳಿಸಲು ಹೋಗಿ ಬರೀ ಥರ್ಡ್ ಪಾರ್ಟಿ ಮಾಡಿಸುವುದು ಒಳ್ಳೆಯದಲ್ಲ.

ಎರಡನೆಯದು, ಮಾಲೀಕ ಚಾಲಕನ ವೈಯಕ್ತಿಕ ಅಪಘಾತ ವಿಮೆ. 15 ಲಕ್ಷ ರೂಪಾಯಿಯದು. ಓಡಿಸಿದವನದೇ ತಪ್ಪಾದರೂ ಅವನ ಮನೆಯವರಿಗೆ ಏನಾದರೂ ಸಿಗುವ ದಾರಿ ಇದೊಂದೇ ಎಂದರೂ ತಪ್ಪಿಲ್ಲ. ಆದರೆ ಕಾರು ಅವನ ಹೆಸರಿನಲ್ಲೇ ಇರಬೇಕು, ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ಕಾರು ಉಪ್ಪಾನ ಹೆಸರಿನಲ್ಲಿ, ಓಡಿಸುವುದು ಮಗ ಎಂದಾದರೆ ಮಗನಿಗೆ ಈ ವಿಮೆ ಬಾರದು. ಅಂಥವರು ಓಡಿಸುವವನ ಹೆಸರಿನಲ್ಲಿ ಬೇರೆಯೇ ಅಪಘಾತ ವಿಮೆ ಮಾಡಿಸಿಕೊಳ್ಳಲಿ. ಗಲ್ಫಿನಿಂದ ಬಂದವರು ಊರಿನ ಲೈಸೆನ್ಸಿನ ಅವಧಿ ಮುಗಿದಿದೆಯೋ ನೋಡಿಕೊಳ್ಳಿ.

ಅಪಘಾತ ಆದರೆ ಏನು?

112ಕ್ಕೆ ಕರೆ ಮಾಡಿ, ಗಾಯಾಳುವನ್ನು ಆಸ್ಪತ್ರೆಗೆ ಮುಟ್ಟಿಸಿ. ಸಹಾಯ ಮಾಡಿದವರನ್ನು ಕೇಸಿನಲ್ಲಿ ಸಿಕ್ಕಿಸುವಂತಿಲ್ಲ ಎಂದು ಕಾಯ್ದೆಯಲ್ಲೇ ಇದೆ. 2025ರ ಮೇ 5ರಿಂದ ಜಾರಿಯಾದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ, ನಿಗದಿತ ಆಸ್ಪತ್ರೆಗಳಲ್ಲಿ ಗಾಯಾಳುವಿಗೆ 7 ದಿನದವರೆಗೆ 1.5 ಲಕ್ಷ ರೂಪಾಯಿಯ ಚಿಕಿತ್ಸೆ ಉಂಟು. ತಪ್ಪು ಯಾರದು ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಪೊಲೀಸರು 48 ಗಂಟೆಯೊಳಗೆ ನ್ಯಾಯಮಂಡಳಿಗೆ ಮೊದಲ ವರದಿ ಕೊಡಬೇಕು, ವಿವರವಾದ ವರದಿ 90 ದಿನದೊಳಗೆ. ಎಫ್‌ಐಆರ್‌ನಲ್ಲಿ ಏನು ಬರೆದಿದ್ದಾರೆ ಎಂದು ಓದಿ ನೋಡಿ, ಪ್ರತಿ ತೆಗೆದಿಟ್ಟುಕೊಳ್ಳಿ. ಅರಸೀಕೆರೆಯ ಕುಟುಂಬಕ್ಕೆ ಮುಳುವಾದದ್ದು ಚಾರ್ಜ್‌ಶೀಟಿನಲ್ಲಿ ಬರೆದ ಕಾರಣವೇ ಎಂಬುದು ನೆನಪಿರಲಿ.

ಕ್ಲೇಮ್ ಹಾಕಲು ಕಾಯ್ದೆಯಲ್ಲಿ ಆರು ತಿಂಗಳ ಗಡುವು ಇದೆ. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಬಂದಿವೆ. ಅದನ್ನು ನಂಬಿ ಕೂರದೆ ಬೇಗ ಹಾಕುವುದೇ ಲೇಸು. ಅಪಘಾತ ಸಿಂದಗಿ ತಾಲೂಕಿನಲ್ಲಿ ಆದರೆ ಅಲ್ಲಿಗೇ ಅಲೆಯಬೇಕೆಂದೂ ಇಲ್ಲ. ಕ್ಲೇಮ್ ಹಾಕುವವರು ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೂ ಹಾಕಬಹುದು. ಮಂಗಳೂರಿನವರು ಮಂಗಳೂರಿನಲ್ಲೇ. ಆಸ್ಪತ್ರೆ ಬಾಗಿಲಲ್ಲಿ ಖಾಲಿ ಕಾಗದಕ್ಕೆ ಸಹಿ ಕೇಳುವ ದಲ್ಲಾಳಿಗಳ ಕೈಗೆ ಕೇಸು ಕೊಡಬೇಡಿ, ನಿಮಗೆ ಪರಿಚಯವಿರುವ ವಕೀಲರನ್ನೇ ನೋಡಿ.

ಇಷ್ಟೆಲ್ಲ ಹೇಳಿದ ಮೇಲೂ, ಕಾನೂನು ಕೊಡುವುದು ಹಣ ಮಾತ್ರ. ಅರಸೀಕೆರೆಯ ಆ ಮನೆಗೆ 80 ಲಕ್ಷ ಸಿಕ್ಕಿದ್ದರೂ ಮಗನಿಗೆ ತಂದೆ ಸಿಗುತ್ತಿರಲಿಲ್ಲ. ಆದರೆ ತಂದೆಯೂ ಇಲ್ಲ, ಹಣವೂ ಇಲ್ಲ ಎಂಬ ಸ್ಥಿತಿ ಒಂದು ಮನೆಗೆ ಬಾರದಿರಲಿ ಎಂಬುದಕ್ಕೇ ನಾವು ಇದನ್ನು ಬರೆದದ್ದು.

ಮುಂದಿನ ಸಲ ಕನ್ನೊಳ್ಳಿ ದಾಟುವಾಗ ಹಿಂದಿನ ಸೀಟಿನಿಂದ ‘ನಿಧಾನ ಮೋನೆ’ ಎಂಬ ಮಾತು ಕೇಳಿದರೆ ಎದುರು ಮಾತಾಡಬೇಡಿ, ಕಾಲು ಸ್ವಲ್ಪ ಎತ್ತಿ. ದರ್ಗಾ ಅಲ್ಲೇ ಇರುತ್ತದೆ. ಅರ್ಧ ಗಂಟೆ ತಡವಾದರೂ ಎಲ್ಲರೂ ಒಟ್ಟಿಗೆ ಇಳಿಯೋಣ.